ಒಲ್ಲೆ ಎಂದವಳ ಮೊಕದ್ದಮೆ

ಊರಿನ ಮದುವೆ ಮನೆಯಲ್ಲಾಗಲಿ, ಇಲ್ಲಿಯ ಕನ್ನಡ ಸಂಘದ ಕಾರ್ಯಕ್ರಮದ ಊಟದ ಸಾಲಿನಲ್ಲಾಗಲಿ, ಒಂದು ಮಾತು ಈಗ ತಪ್ಪದೆ ಬರುತ್ತದೆ. "ನಮ್ಮ ಕಾಲದಲ್ಲಿ ಹದಿನಾರಕ್ಕೆ ಮದುವೆ, ಐವತ್ತು ವರ್ಷ ಸಂಸಾರ. ಈಗಿನವರಿಗೆ ಇಪ್ಪತ್ತೆಂಟಕ್ಕೆ ಮದುವೆ, ಮೂವತ್ತಕ್ಕೆ ಕೋರ್ಟು. ತಾಳ್ಮೆಯೇ ಇಲ್ಲ." ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನೂ ಯಾರಾದರೂ ಸೇರಿಸುತ್ತಾರೆ. ಹೇಳುವವರು ಕೆಟ್ಟವರಲ್ಲ. ಮನೆಯ ಮಗಳೋ ಸೋದರಳಿಯನೋ ವರ್ಷದೊಳಗೆ ಬೇರೆಯಾದ ನೋವಿನಲ್ಲೇ ಹೇಳುತ್ತಿರುತ್ತಾರೆ.

ನನ್ನ ಹೊಟ್ಟೆಪಾಡಿನ ಕೆಲಸ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವುದು. ದೂರು ದಾಖಲಿಸುವ ಕಿಟಕಿಯೇ ಇಲ್ಲದ ಸಿಸ್ಟಮಿನಲ್ಲಿ ದೂರುಗಳ ಸಂಖ್ಯೆ ಯಾವಾಗಲೂ ಸೊನ್ನೆ ಇರುತ್ತದೆ. ಆ ಸೊನ್ನೆಯನ್ನು ನೋಡಿ ಗ್ರಾಹಕರು ಸಂತೋಷವಾಗಿದ್ದಾರೆ ಎಂದು ನಮ್ಮಲ್ಲಿ ಯಾರೂ ವರದಿ ಬರೆಯುವುದಿಲ್ಲ. ಹಳೆಯ ಕಾಲದ ಮದುವೆಗಳ ಬಗ್ಗೆಯೂ ಮೊದಲು ಕೇಳಬೇಕಾದದ್ದು ಇದನ್ನೇ. ಆ ಹುಡುಗಿಗೆ ಬೇಡ ಎನ್ನುವ ಕಿಟಕಿ ಇತ್ತೇ? ಒಬ್ಬಳು ಹೇಗೋ ಬೇಡ ಎಂದೇಬಿಟ್ಟರೆ ಏನಾಗುತ್ತಿತ್ತು?

ಏನಾಗುತ್ತಿತ್ತು ಎಂಬುದಕ್ಕೆ ದಾಖಲೆ ಇದೆ. ಆ ಮೊಕದ್ದಮೆ ನಡೆದದ್ದು ನಮ್ಮ ಮುಂಬೈಯ ಹೈಕೋರ್ಟಿನಲ್ಲಿ, 1884ರಿಂದ 1888ರವರೆಗೆ. ಫೋರ್ಟ್ ಭಾಗದಲ್ಲಿ ಕೆಲಸ ಮಾಡುವ ಕನ್ನಡಿಗರು ಆ ಕಪ್ಪು ಕಲ್ಲಿನ ಕಟ್ಟಡದ ಮುಂದೆ ದಿನವೂ ಹಾದುಹೋಗುತ್ತಾರೆ. ಮೊಕದ್ದಮೆಯ ಹೆಸರು ದಾದಾಜಿ ಭಿಕಾಜಿ ವಿರುದ್ಧ ರಖಮಾಬಾಯಿ.

ಹನ್ನೊಂದರ ಹುಡುಗಿ, ಹತ್ತೊಂಬತ್ತರ ಹುಡುಗ

ರಖಮಾಬಾಯಿ ಹುಟ್ಟಿದ್ದು 1864ರ ನವೆಂಬರ್ 22ರಂದು, ಮುಂಬೈಯಲ್ಲಿ. ಜಾತಿ ಸುತಾರ, ಅಂದರೆ ಬಡಗಿಗಳು. ತಂದೆ ಜನಾರ್ದನ ಪಾಂಡುರಂಗ ಮಗಳು ಇನ್ನೂ ಎಳೆಯ ಕೂಸಾಗಿದ್ದಾಗಲೇ ತೀರಿಕೊಂಡರು. ತಾಯಿ ಜಯಂತಿಬಾಯಿ ಕೆಲವು ವರ್ಷಗಳ ಮೇಲೆ ಡಾ. ಸಖಾರಾಮ ಅರ್ಜುನ್ ಎಂಬ ವೈದ್ಯರನ್ನು ಮರುಮದುವೆಯಾದರು. ಸುತಾರರಲ್ಲಿ ವಿಧವೆಯ ಮರುಮದುವೆಗೆ ಅಡ್ಡಿ ಇರಲಿಲ್ಲ. ಸಖಾರಾಮ ಅರ್ಜುನ್ ಸಾಮಾನ್ಯರಲ್ಲ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಸಸ್ಯಶಾಸ್ತ್ರದಲ್ಲಿ ಹೆಸರು ಮಾಡಿದ್ದರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು.

ಇಂಥ ಓದಿದ ಮನೆಯಲ್ಲಿಯೂ ಹುಡುಗಿಗೆ ಹನ್ನೊಂದನೆಯ ವಯಸ್ಸಿಗೆ ಮದುವೆಯಾಯಿತು. ವರ ಸಖಾರಾಮರ ಕಡೆಯ ಬಡ ಸಂಬಂಧಿಕ ದಾದಾಜಿ, ಹತ್ತೊಂಬತ್ತರ ಹುಡುಗ. ಮನೆಅಳಿಯನಾಗಿರಬೇಕು, ಓದಿ ಮುಂದೆ ಬರಬೇಕು ಎಂಬ ಮಾತಾಗಿತ್ತು. ಆ ಮಾತು ನಡೆಯಲಿಲ್ಲ. ದಾದಾಜಿಗೆ ಓದು ಹತ್ತಲಿಲ್ಲ. ಅವನು ತನ್ನ ಸೋದರಮಾವನ ಮನೆ ಸೇರಿದ. ಇತ್ತ ರಖಮಾಬಾಯಿ ಮಲತಂದೆಯ ಮನೆಯಲ್ಲಿ ಇದ್ದುಕೊಂಡು, ಸಿಕ್ಕ ಪುಸ್ತಕ ಓದುತ್ತ, ಮನೆಗೆ ಬರುತ್ತಿದ್ದ ಸುಧಾರಕರ ಮಾತು ಕೇಳುತ್ತ ಬೆಳೆದಳು. ಮೈನೆರೆದ ಮೇಲೆ ಗಂಡನ ಮನೆಗೆ ಕಳಿಸುವ ಶಾಸ್ತ್ರ ನಡೆಯಲೇ ಇಲ್ಲ. ಇಬ್ಬರೂ ಒಂದು ದಿನವೂ ಸಂಸಾರ ಮಾಡಿದವರಲ್ಲ.

ಹೀಗೆ ಎಂಟು ವರ್ಷ ಕಳೆಯಿತು. 1884ರ ಮಾರ್ಚಿನಲ್ಲಿ ದಾದಾಜಿ ವಕೀಲರ ಮೂಲಕ ಪತ್ರ ಬರೆಸಿದ, ನನ್ನ ಹೆಂಡತಿಯನ್ನು ಕಳಿಸಿಕೊಡಿ ಎಂದು. ಹತ್ತೊಂಬತ್ತು ತುಂಬಿದ್ದ ರಖಮಾಬಾಯಿ ಬರುವುದಿಲ್ಲ ಎಂದಳು. ಅವನಿಗೆ ಆರೋಗ್ಯವಿಲ್ಲ, ಸಂಪಾದನೆಯಿಲ್ಲ ಎಂಬ ಕಾರಣಗಳ ಜೊತೆಗೆ ಅವಳು ಇನ್ನೊಂದನ್ನೂ ಮುಂದಿಟ್ಟಳು. ಅದಕ್ಕೇ ಆ ಪ್ರಕರಣ ಚರಿತ್ರೆಯಾಯಿತು. ಈ ಮದುವೆಗೆ ನಾನು ಒಪ್ಪಿಗೆ ಕೊಟ್ಟಿರಲಿಲ್ಲ, ಕೊಡುವ ವಯಸ್ಸೂ ನನ್ನದಾಗಿರಲಿಲ್ಲ, ಆದ್ದರಿಂದ ಇದಕ್ಕೆ ನಾನು ಕಟ್ಟುಬಿದ್ದಿಲ್ಲ ಎಂದಳು.

ಇದರ ನಡುವೆ ಆಸ್ತಿಯ ಮಾತೂ ಇತ್ತು. ತಾಯಿ ಮರುಮದುವೆಯಾದಾಗ ತಂದೆಯ ಆಸ್ತಿ, ಸುಮಾರು 25,000 ರೂಪಾಯಿಯದ್ದು, ರಖಮಾಬಾಯಿಯ ಪಾಲಿಗೆ ಬಂದಿತ್ತು. ಹಣದ ಆಸೆ ನಿಮ್ಮದು ಎಂದು ಎರಡೂ ಕಡೆಯವರು ಪರಸ್ಪರ ದೂರಿಕೊಂಡರು. ಇಂದಿನ ವಿಚ್ಛೇದನದ ಅರ್ಜಿಗಳನ್ನು ಓದಿದವರಿಗೆ ಇದು ಹೊಸದೆನಿಸದು.

ಕೋರ್ಟಿನಲ್ಲಿ ನಾಲ್ಕು ವರ್ಷ

ದಾದಾಜಿ ಹೂಡಿದ ದಾವೆಗೆ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎಂದು ಹೆಸರು. ಬಿಟ್ಟುಹೋದ ಗಂಡ ಅಥವಾ ಹೆಂಡತಿ ಮರಳಿ ಬಂದು ಕೂಡಿ ಬಾಳಬೇಕೆಂದು ಕೋರ್ಟು ಆಜ್ಞೆ ಮಾಡುವುದು. ಆಗಿನ ಸಿವಿಲ್ ಪ್ರೊಸೀಜರ್ ಕೋಡಿನ ಪ್ರಕಾರ ಆಜ್ಞೆ ಪಾಲಿಸದಿದ್ದರೆ ಆರು ತಿಂಗಳವರೆಗೆ ಜೈಲು.

ಮೊದಲ ತೀರ್ಪು ಬಂದದ್ದು 1885ರ ಸೆಪ್ಟೆಂಬರ್ 21ರಂದು. ನ್ಯಾಯಮೂರ್ತಿ ಪಿನ್ಹೇ ದಾವೆಯನ್ನು ವಜಾ ಮಾಡಿದರು. ಅವರ ತರ್ಕ ಸರಳ. ಪುನಃಸ್ಥಾಪನೆ ಎಂದರೆ ಹಿಂದೊಮ್ಮೆ ಇದ್ದದ್ದನ್ನು ಮತ್ತೆ ಸ್ಥಾಪಿಸುವುದು. ಇವರು ಎಂದೂ ಕೂಡಿ ಬಾಳಿಲ್ಲ. ಬೆಳೆದ ಹೆಣ್ಣುಮಗಳೊಬ್ಬಳನ್ನು ಒಲ್ಲದ ಗಂಡಸಿನ ಮನೆಗೆ ಮೊದಲ ಬಾರಿಗೆ ಅಟ್ಟಲು ಆ ಕಾನೂನಿನಲ್ಲಿ ಆಧಾರವಿಲ್ಲ.

ತೀರ್ಪಿನ ಮೇಲೆ ದೇಶವೇ ಎರಡಾಯಿತು. ಮಲಬಾರಿಯಂಥ ಸುಧಾರಕರು ಸ್ವಾಗತಿಸಿದರು. ಇದು ಹಿಂದೂ ಧರ್ಮದಲ್ಲಿ ಇಂಗ್ಲಿಷರ ಕೈಹಾಕುವಿಕೆ ಎಂದು ಇನ್ನೊಂದು ಪಕ್ಷ ಸಿಡಿದೆದ್ದಿತು. ತಿಲಕರ 'ಕೇಸರಿ' ರಖಮಾಬಾಯಿಯ ವಿರುದ್ಧ ನಿಂತಿತು. ಅದೇ ವರ್ಷ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ 'ಒಬ್ಬ ಹಿಂದೂ ಮಹಿಳೆ' ಎಂಬ ಗುಪ್ತನಾಮದಲ್ಲಿ ಬಾಲ್ಯವಿವಾಹದ ಮೇಲೆ, ಬಲವಂತದ ವೈಧವ್ಯದ ಮೇಲೆ ಎರಡು ಪತ್ರಗಳು ಬಂದಿದ್ದವು. ಬರೆದವಳು ರಖಮಾಬಾಯಿಯೇ. ಎಳೆಯ ಮದುವೆ ಹೆಣ್ಣಿನ ಓದನ್ನೂ ಬುದ್ಧಿಯನ್ನೂ ಮೊಳಕೆಯಲ್ಲೇ ಚಿವುಟುತ್ತದೆ ಎಂಬುದು ಅವಳ ವಾದದ ತಿರುಳು.

ಮೇಲ್ಮನವಿಯಲ್ಲಿ ಮುಖ್ಯ ನ್ಯಾಯಾಧೀಶ ಸಾರ್ಜೆಂಟ್ ಮತ್ತು ನ್ಯಾಯಮೂರ್ತಿ ಬೇಲಿ 1886ರಲ್ಲಿ ಪಿನ್ಹೇ ತೀರ್ಪನ್ನು ಒಪ್ಪಲಿಲ್ಲ. ಹಿಂದೂ ಕಾನೂನಿನಲ್ಲಿ ವಿಧಿ ಮುಗಿದರೆ ಮದುವೆ ಪೂರ್ತಿಯಾಯಿತು, ಕೂಡಿ ಬಾಳಿದ್ದರೂ ಬಾಳದಿದ್ದರೂ ಒಂದೇ ಎಂದು ಮೊಕದ್ದಮೆಯನ್ನು ಮರುವಿಚಾರಣೆಗೆ ಕಳಿಸಿದರು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಆಜ್ಞೆ ಮಾಡಿದರು. ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲದಿದ್ದರೆ ಆರು ತಿಂಗಳು ಜೈಲು. ರಖಮಾಬಾಯಿ ಜೈಲನ್ನೇ ಆರಿಸಿಕೊಳ್ಳುತ್ತೇನೆ ಎಂದಳು.

ಜೈಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಅವಳ ಪರವಾಗಿ ಸಮಿತಿ ಕಟ್ಟಿಕೊಂಡರು, ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕಡೆಗೆ 1888ರ ಜುಲೈಯಲ್ಲಿ ರಾಜಿಯಾಯಿತು. ದಾದಾಜಿ 2,000 ರೂಪಾಯಿ ತೆಗೆದುಕೊಂಡು ಆಜ್ಞೆಯನ್ನು ಜಾರಿಗೊಳಿಸುವುದನ್ನು ಬಿಟ್ಟುಕೊಟ್ಟ. ವಿಕ್ಟೋರಿಯಾ ರಾಣಿಯೇ ಮಧ್ಯೆ ಬಂದು ಮದುವೆಯನ್ನು ರದ್ದು ಮಾಡಿದಳು ಎಂಬ ಕತೆ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ. ಆದರೆ ಮೊಕದ್ದಮೆ ಮುಗಿದದ್ದು ಈ ಎರಡು ಸಾವಿರದಲ್ಲಿ.

ರಾಜಿಯಾದರೂ ಮದುವೆ ಮುರಿಯಲಿಲ್ಲ. ಮುರಿಯುವ ಕಾನೂನೇ ಇರಲಿಲ್ಲ. ದಾದಾಜಿ ಇನ್ನೊಂದು ಮದುವೆ ಮಾಡಿಕೊಂಡ. ಗಂಡಸಿಗೆ ಅಡ್ಡಿ ಇರಲಿಲ್ಲ. ರಖಮಾಬಾಯಿ ಕಾಮಾ ಆಸ್ಪತ್ರೆಯ ಡಾ. ಎಡಿತ್ ಪೀಚಿ ಅವರ ಬೆಂಬಲದಿಂದ ಲಂಡನ್ನಿಗೆ ಹೋಗಿ ವೈದ್ಯೆಯಾಗಿ ಬಂದರು. ಸೂರತ್ತಿನಲ್ಲಿ, ಆಮೇಲೆ ರಾಜಕೋಟೆಯಲ್ಲಿ, ಸುಮಾರು 35 ವರ್ಷ ಹೆಂಗಸರ ಆಸ್ಪತ್ರೆಗಳನ್ನು ನಡೆಸಿದರು. 1904ರಲ್ಲಿ ದಾದಾಜಿ ತೀರಿಕೊಂಡ ಸುದ್ದಿ ಬಂದಾಗ ವಿಧವೆಯರು ಉಡುವ ಬಿಳಿ ಸೀರೆ ಉಟ್ಟರಂತೆ. ಏಕೆ ಉಟ್ಟರು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ನನಗೆ ಕಾಣುವುದು ಇಷ್ಟು: ಒಂದು ದಿನವೂ ಬಾಳದ ಮದುವೆಯೊಂದು ಕಾನೂನಿನ ಕಣ್ಣಿನಲ್ಲಿ ಇಪ್ಪತ್ತೆಂಟು ವರ್ಷ ಜೀವಂತವಾಗಿತ್ತು. ಬಾಳಿಕೆಯ ಲೆಕ್ಕ ಹಾಕುವವರು ಇದನ್ನೂ ಬಾಳಿದ ಮದುವೆಗಳ ಪಟ್ಟಿಗೇ ಸೇರಿಸಬೇಕಾಗುತ್ತದೆ.

ಆ ಕಾನೂನು ಯಾರದ್ದು?

ನಮ್ಮ ಪರಂಪರೆಯನ್ನು ಕಾಪಾಡಬೇಕೆಂದು ಅಂದು ಕೂಗಿದವರು ಕಾಪಾಡಿದ್ದು ಯಾವುದನ್ನು ಎಂಬುದು ಸ್ವಾರಸ್ಯದ ಪ್ರಶ್ನೆ. ಹೆಂಡತಿಯನ್ನು ಕೋರ್ಟಿನ ಆಜ್ಞೆಯಿಂದ ಮನೆಗೆ ತರಿಸುವ ದಾವೆ ನಮ್ಮ ಯಾವ ಧರ್ಮಶಾಸ್ತ್ರದಲ್ಲೂ ಇರಲಿಲ್ಲ. ಅದು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳ ಸರಕು. ಹತ್ತೊಂಬತ್ತನೇ ಶತಮಾನದಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದದ್ದು. ಇನ್ನೂ ತಮಾಷೆಯೆಂದರೆ, ದಾದಾಜಿ ದಾವೆ ಹೂಡಿದ 1884ರಲ್ಲಿಯೇ ಇಂಗ್ಲೆಂಡು ತನ್ನಲ್ಲಿ ಈ ಆಜ್ಞೆಗಿದ್ದ ಜೈಲು ಶಿಕ್ಷೆಯನ್ನು ತೆಗೆದುಹಾಕಿತು. ಇಲ್ಲಿ ಅದು ಹೋಗಲು 1923ರವರೆಗೆ ಕಾಯಬೇಕಾಯಿತು.

ಅದೇ ಕೋರ್ಟುಗಳು ಇನ್ನೊಂದು ಕೆಲಸವನ್ನೂ ಮಾಡಿದ್ದವು. ನಮ್ಮ ಬಹುಪಾಲು ಜಾತಿಗಳಲ್ಲಿ ಬಿಡುಗಡೆ ಹೊಸದಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗೆ 'ಸೋಡಚೀಟಿ' ಎಂಬ ಪದ ಗೊತ್ತು. ಪಂಚರ ಮುಂದೆ ಕೊಟ್ಟು ತೆಗೆದುಕೊಳ್ಳುವ ಬಿಡುಗಡೆ ಪತ್ರ ಅದು. ಅದಾದ ಮೇಲೆ ಹೆಂಗಸಿಗೆ ಉಡಿಕೆ, ಸೀರೆ ಉಡಿಕೆ, ಕೂಡಾವಳಿ ಎಂದು ಊರಿಗೊಂದು ಹೆಸರಿನ ಮರುಸಂಬಂಧ. ಮೊದಲ ಮದುವೆಯಷ್ಟು ಮರ್ಯಾದೆ ಅದಕ್ಕಿರಲಿಲ್ಲ, ನಿಜ. ಮಂಗಳಕಾರ್ಯಗಳಲ್ಲಿ ಅಂಥವಳನ್ನು ಹಿಂದೆ ಕೂರಿಸುತ್ತಿದ್ದರು. ಪಂಚರೂ ಗಂಡಸರೇ. ಆದರೂ ಬಾಗಿಲು ಅಂತ ಒಂದಿತ್ತು.

ಮುಂಬೈ ಹೈಕೋರ್ಟು 1864ರಲ್ಲಿ ಕರ್ಸನ್ ಗೋಜಾ ಪ್ರಕರಣದಲ್ಲಿ, 1876ರಲ್ಲಿ ಶಂಭು ರಘು ಪ್ರಕರಣದಲ್ಲಿ ಈ ಬಾಗಿಲಿಗೆ ಅಗಳಿ ಹಾಕಿತು. ಗಂಡನ ಒಪ್ಪಿಗೆ ಇಲ್ಲದೆ, ಜಾತಿಯ ಅನುಮತಿಯೊಂದರ ಬಲದಿಂದ ಹೆಂಗಸು ಇನ್ನೊಂದು ಮದುವೆಯಾಗುವಂತಿಲ್ಲ. ಅಂಥ ಅನುಮತಿ ಕೊಡುವ ಅಧಿಕಾರ ಜಾತಿಗಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗುವ ರೂಢಿ ಉಳಿಯಿತು. ಆದರೆ ಗಂಡ ಬಿಡಲೊಲ್ಲೆ ಎಂದರೆ ಹೆಂಗಸಿನ ಪಾಲಿಗೆ ಏನೂ ಉಳಿಯಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆ, 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಬಂದು ಸೇರಿದ ಉತ್ತರ ಕನ್ನಡ, ಇಷ್ಟೂ ಈ ಹೈಕೋರ್ಟಿನ ಕೆಳಗೇ ಇದ್ದವು. ಗುಜರಾತಿನ ಕೋಳಿಗಳ ರೂಢಿಯ ಬಗ್ಗೆ ಫೋರ್ಟಿನಲ್ಲಿ ಹೇಳಿದ ಮಾತು ನವಲಗುಂದದ ರೈತರ ಮನೆಯ ಹೆಣ್ಣುಮಗಳನ್ನೂ ಕಟ್ಟುತ್ತಿತ್ತು.

ಶಾಸ್ತ್ರದ ಮಾತಿಗೂ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಪರಸ್ಪರ ದ್ವೇಷ ಹುಟ್ಟಿದರೆ ಬಿಡುಗಡೆ ಉಂಟು ಎಂದು ಹೇಳಿದೆ. ಒಬ್ಬರು ಮಾತ್ರ ಒಲ್ಲೆ ಎಂದರೆ ಸಾಲದು. ಬ್ರಾಹ್ಮ ಮೊದಲಾದ ಮೊದಲ ನಾಲ್ಕು ಬಗೆಯ ಮದುವೆಗಳಿಗಂತೂ ಅದು ಅನ್ವಯಿಸದು. ಆದರೂ ಮೋಕ್ಷ ಎಂಬ ಪದವನ್ನೇ ಬಳಸಿ ವಿಚ್ಛೇದನದ ಮಾತಾಡಿದ ಗ್ರಂಥ ಅದು. ಆ ಗ್ರಂಥದ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ರಖಮಾಬಾಯಿಯ ಮೊಕದ್ದಮೆಯಲ್ಲಿ ಹಿಂದೂ ಕಾನೂನು ಹೀಗೆಯೇ ಎಂದು ವಾದಿಸಿದ ಯಾವ ವಕೀಲನೂ ಅದನ್ನು ಓದಿರಲು ಸಾಧ್ಯವಿರಲಿಲ್ಲ.

ಹೀಗೆ, ಹೊರಗಿನಿಂದ ಬಂದ ಹಗ್ಗವೂ ಒಳಗಿನಿಂದ ಮುಚ್ಚಿದ ಬಾಗಿಲೂ ಸೇರಿ, ನಾವು ಈಗ ಸನಾತನ ಎಂದುಕೊಳ್ಳುವ ಬಿಡಿಸಲಾಗದ ಮದುವೆ ಆ ಕಾಲದ ಕೋರ್ಟುಗಳಲ್ಲಿ ಗಟ್ಟಿಯಾಯಿತು.

ಒಳಬಾಗಿಲಿನ ವಯಸ್ಸು

ಈ ಮೊಕದ್ದಮೆಯ ಕಾವು ಆರುವ ಮೊದಲೇ ಕಲ್ಕತ್ತೆಯಲ್ಲಿ ಹತ್ತು ಹನ್ನೊಂದರ ಫುಲಮೋನಿ ದಾಸಿ ಮುವ್ವತ್ತು ದಾಟಿದ ಗಂಡನ ಬಲಾತ್ಕಾರದಿಂದ ಸತ್ತಳು. ಅವನಿಗಾದ ಶಿಕ್ಷೆ ಒಂದು ವರ್ಷ. ಹತ್ತು ತುಂಬಿದ ಹೆಂಡತಿಯೊಡನೆ ಗಂಡ ಹೇಗಿದ್ದರೂ ಅದು ಅತ್ಯಾಚಾರವಲ್ಲ ಎನ್ನುತ್ತಿತ್ತು ಆಗಿನ ದಂಡಸಂಹಿತೆ. 1891ರ ಸಮ್ಮತಿ ವಯಸ್ಸಿನ ಕಾಯ್ದೆ ಆ ಹತ್ತನ್ನು ಹನ್ನೆರಡು ಮಾಡಿತು. ಆ ಎರಡು ವರ್ಷಕ್ಕಾಗಿ ದೇಶದ ತುಂಬ ನಡೆದ ಗಲಾಟೆ ಅಷ್ಟಿಷ್ಟಲ್ಲ. ಮುಂಬೈಯ ಸುಧಾರಕರ ಪಕ್ಷದಲ್ಲಿ ಆಗ ನಮ್ಮವರೂ ಒಬ್ಬರಿದ್ದರು, ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರಕರ. ಮುಂದೆ ಅವರು ಇದೇ ಹೈಕೋರ್ಟಿನ ನ್ಯಾಯಮೂರ್ತಿಯೂ ಆದರು.

ಮೈಸೂರು ಸಂಸ್ಥಾನ 1894ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಶಿಶುವಿವಾಹ ತಡೆ ಕಾನೂನು, ಎಂಟು ತುಂಬದ ಹುಡುಗಿಯ ಮದುವೆಯನ್ನೂ ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳುವುದನ್ನೂ ಅಪರಾಧವೆಂದಿತು. ಇಂದು ಓದಿದರೆ ಎಂಟು ಎಂಬ ಸಂಖ್ಯೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಕಾನೂನು ಮಾಡಿ ತಡೆಯಬೇಕಾದಷ್ಟು ಮಂದಿ ಅದಕ್ಕೂ ಕೆಳಗೆ ಮದುವೆ ಮಾಡುತ್ತಿದ್ದರು ಎಂಬುದೇ ಆ ಸಂಖ್ಯೆ ಹೇಳುವ ಸುದ್ದಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲಿ ಹೊರಬಂದಾಗ ಅದರ ನಾಯಕಿ ಬಾಲವಿಧವೆಯಾಗಿದ್ದುದೂ ಸುಮ್ಮನೆ ಅಲ್ಲ.

1929ರ ಸೆಪ್ಟೆಂಬರಿನಲ್ಲಿ ಹರಬಿಲಾಸ ಶಾರದಾ ಅವರ ಮಸೂದೆ ಪಾಸಾಯಿತು. ಹುಡುಗಿಗೆ 14, ಹುಡುಗನಿಗೆ 18. ಜಾರಿಗೆ ಬಂದದ್ದು 1930ರ ಏಪ್ರಿಲ್ 1ಕ್ಕೆ. ನಡುವಿನ ಆರು ತಿಂಗಳಲ್ಲಿ ಜನ ತೊಟ್ಟಿಲ ಮಕ್ಕಳಿಗೂ ಅವಸರದಲ್ಲಿ ತಾಳಿ ಕಟ್ಟಿಸಿದರು. ಡೆಡ್‌ಲೈನ್ ಮುಂಚಿತವಾಗಿ ಹೇಳಿದರೆ ಏನಾಗುತ್ತದೆ ಎಂದು ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಶಾರದಾ ಕಾಯ್ದೆಗೆ ಇನ್ನೊಂದು ದೊಡ್ಡ ತೂತಿತ್ತು. ಮದುವೆ ಮಾಡಿಸಿದವರಿಗೆ ಶಿಕ್ಷೆ ಇತ್ತು, ಆದರೆ ಆದ ಮದುವೆ ಸಿಂಧುವಾಗಿಯೇ ಉಳಿಯುತ್ತಿತ್ತು. ತಂದೆ ದಂಡ ಕಟ್ಟಿ ಮನೆಗೆ ಬರುತ್ತಿದ್ದ, ಮಗಳು ಜೀವಮಾನವಿಡೀ ಆ ಮದುವೆಯಲ್ಲಿರುತ್ತಿದ್ದಳು. ಸುಧಾರಣೆಯ ಮೊದಲ ಅರ್ಧ ಶತಮಾನ ಒಳಬಾಗಿಲಿನ ವಯಸ್ಸಿನ ಚೌಕಾಸಿಯಲ್ಲೇ ಕಳೆಯಿತು. ಹೊರಬಾಗಿಲಿನ ಮಾತನ್ನು ಎತ್ತಿದವರು ಬಹಳ ಕಡಿಮೆ.

ಹೊರಬಾಗಿಲು ತೆರೆದದ್ದು

ಹೊರಬಾಗಿಲು ಮೊದಲು ತೆರೆದದ್ದು ಬರೋಡಾದಲ್ಲಿ, 1931ರಲ್ಲಿ, ಸಯಾಜಿರಾವ್ ಗಾಯಕವಾಡರ ಕಾಲದ ಹಿಂದೂ ವಿಚ್ಛೇದನ ಕಾನೂನಿನಿಂದ. ಆಮೇಲೆ ಮುಂಬೈ ಪ್ರಾಂತ್ಯದ ಸರದಿ. 1946ರಲ್ಲಿ ಅದು ಗಂಡಸಿನ ಎರಡನೇ ಮದುವೆಯನ್ನು ನಿಷೇಧಿಸಿತು, 1947ರಲ್ಲಿ ವಿಚ್ಛೇದನವನ್ನು ಕಾನೂನಾಗಿಸಿತು. ಮದ್ರಾಸು 1949ರಲ್ಲಿ ಹಿಂಬಾಲಿಸಿತು.

ನಮ್ಮ ನಾಡು ಆಗ ತುಂಡು ತುಂಡಾಗಿತ್ತಲ್ಲ, ಆದ್ದರಿಂದ ಕನ್ನಡದ ಹೆಣ್ಣುಮಗಳ ಹಕ್ಕು ಅವಳ ಜಿಲ್ಲೆಯ ಮೇಲೆ ನಿಂತಿತ್ತು. ಧಾರವಾಡದವಳಿಗೂ ಕಾರವಾರದವಳಿಗೂ ಮುಂಬೈ ಕಾಯ್ದೆಯಿಂದ 1947ರಲ್ಲಿ ಬಾಗಿಲು ತೆರೆಯಿತು. ಬಳ್ಳಾರಿಯವಳಿಗೆ, ಮಂಗಳೂರಿನವಳಿಗೆ ಮದ್ರಾಸ್ ಕಾಯ್ದೆಯಿಂದ ಎರಡು ವರ್ಷ ತಡವಾಗಿ. ಮೈಸೂರು 1933ರಲ್ಲಿಯೇ ಹೆಂಗಸರ ಆಸ್ತಿ ಹಕ್ಕಿನ ಕಾನೂನು ಮಾಡಿ ಹೆಸರು ಗಳಿಸಿತ್ತು. ವಿಚ್ಛೇದನದ ವಿಷಯದಲ್ಲಿ ಎಲ್ಲರಿಗೂ ಒಂದೇ ಕಾನೂನು ಬಂದದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಅದರ ಹಿಂದಿನ ಕರಡಿನ ಕೆಲಸ ನಡೆಸಿದ ಸಮಿತಿಯ ಅಧ್ಯಕ್ಷರು ಮಂಗಳೂರಿನ ಬೆನಗಲ್ ನರಸಿಂಗರಾಯರು. ಆ ಸಂಹಿತೆಯನ್ನು ಸಂಸತ್ತಿನಲ್ಲಿ ಪಾಸು ಮಾಡಿಸಲಾಗದ ನೋವಿನಲ್ಲಿ ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿ ಬಿಟ್ಟದ್ದು ನಮಗೆಲ್ಲ ಗೊತ್ತಿರುವ ಚರಿತ್ರೆ.

ಕಾಯ್ದೆಗೆ ರಾಷ್ಟ್ರಪತಿಯ ಒಪ್ಪಿಗೆ ಸಿಕ್ಕಿದ್ದು 1955ರ ಮೇ 18ರಂದು. ರಖಮಾಬಾಯಿ ತೀರಿಕೊಂಡದ್ದು ಅದೇ ವರ್ಷ ಸೆಪ್ಟೆಂಬರ್ 25ರಂದು, ತೊಂಬತ್ತರ ವಯಸ್ಸಿನಲ್ಲಿ. ಇಪ್ಪತ್ತರಲ್ಲಿ ಕೇಳಿದ್ದಕ್ಕೆ ದೇಶ ಉತ್ತರ ಕೊಡುವ ಹೊತ್ತಿಗೆ ಅವರಿಗೆ ನಾಲ್ಕು ತಿಂಗಳ ಆಯುಸ್ಸು ಉಳಿದಿತ್ತು.

ಆ ಉತ್ತರವೂ ಅರ್ಧ. 1955ರ ಮೂಲ ಕಾಯ್ದೆಯಲ್ಲಿ ಕ್ರೌರ್ಯಕ್ಕೆ ವಿಚ್ಛೇದನ ಸಿಗುತ್ತಿರಲಿಲ್ಲ, ಬೇರೆ ಇರುವ ಅನುಮತಿ ಮಾತ್ರ ಸಿಗುತ್ತಿತ್ತು. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ಅದರಲ್ಲಿ ಇರಲೇ ಇಲ್ಲ. ಇವೆರಡೂ ಬಂದದ್ದು 1976ರ ತಿದ್ದುಪಡಿಯಲ್ಲಿ. ಅದೇ ತಿದ್ದುಪಡಿ ಇನ್ನೊಂದು ಸಣ್ಣ ಕಲಮನ್ನೂ ಸೇರಿಸಿತು. ಹದಿನೈದು ತುಂಬುವ ಮೊದಲು ಮದುವೆಯಾದ ಹುಡುಗಿ, ಹದಿನೈದಾದ ಮೇಲೆ ಹದಿನೆಂಟರೊಳಗೆ ಆ ಮದುವೆಯನ್ನು ನಿರಾಕರಿಸಿದ್ದರೆ, ಅದೊಂದೇ ಕಾರಣದ ಮೇಲೆ ವಿಚ್ಛೇದನ ಕೇಳಬಹುದು. ಗಂಡನ ಜೊತೆ ಬಾಳಿದ್ದರೂ ಸರಿ, ಬಾಳದಿದ್ದರೂ ಸರಿ. ಹನ್ನೊಂದರಲ್ಲಿ ಮದುವೆಯಾದ ರಖಮಾಬಾಯಿಗಾಗಿಯೇ ಬರೆದಂತಿದೆ. ಪಿನ್ಹೇ ತೀರ್ಪಿನಿಂದ ಈ ಕಲಮಿನವರೆಗೆ 91 ವರ್ಷ.

ಹೈದರಾಬಾದಿನಲ್ಲಿ ಮತ್ತೊಮ್ಮೆ

ಇದೆಲ್ಲ ಹಳೆಯ ಕತೆ ಎನ್ನುವವರು 1983ರ ಹೈದರಾಬಾದಿಗೆ ಬರಬೇಕು. 'ಹೊಸ ಬೆಳಕು', 'ಕಾಮನಬಿಲ್ಲು' ಚಿತ್ರಗಳಲ್ಲಿ ರಾಜಕುಮಾರ್ ಜೊತೆ ನಟಿಸಿದ ಸರಿತಾ ಕನ್ನಡಿಗರಿಗೆ ಹೊಸಬರಲ್ಲ. ಹೈಸ್ಕೂಲು ಓದುತ್ತಿದ್ದ ಹದಿನಾರನೇ ವಯಸ್ಸಿನಲ್ಲಿ, 1975ರಲ್ಲಿ, ತಿರುಪತಿಯಲ್ಲಿ ಅವರಿಗೆ ಮದುವೆಯಾಗಿತ್ತು. ಬಹುಬೇಗ ಬೇರೆಯಾದರು. ಐದು ವರ್ಷದ ಮೇಲೆ, ಅವರು ಹೆಸರಾಂತ ನಟಿಯಾಗಿದ್ದಾಗ, ಗಂಡ ದಾವೆ ಹೂಡಿದ್ದು ಅದೇ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗೆ, ಹಿಂದೂ ವಿವಾಹ ಕಾಯ್ದೆಯ 9ನೇ ಕಲಮಿನಡಿ. ಪಿನ್ಹೇ ಎದುರಿಗಿದ್ದ ಪ್ರಶ್ನೆ ಸುಮಾರು ನೂರು ವರ್ಷ ಕಳೆದು ಆಂಧ್ರ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿಯವರ ಮುಂದೆ ಬಂದು ನಿಂತಿತು. ಒಲ್ಲದ ಹೆಣ್ಣಿನ ಮೈಮೇಲೆ, ಬಸಿರಿನ ಮೇಲೆ ಸರಕಾರದ ಅಧಿಕಾರ ನಡೆಯಬಾರದು ಎಂದು ಅವರು ಆ ಕಲಮನ್ನೇ ಸಂವಿಧಾನಬಾಹಿರವೆಂದು ಹೊಡೆದುಹಾಕಿದರು.

ದೆಹಲಿ ಹೈಕೋರ್ಟು ಇದಕ್ಕೆ ತದ್ವಿರುದ್ಧ ತೀರ್ಪು ಕೊಟ್ಟಿತು. 1984ರಲ್ಲಿ ಸರೋಜ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 9ನೇ ಕಲಮನ್ನು ಎತ್ತಿಹಿಡಿಯಿತು. ತನ್ನ ತವರಾದ ಇಂಗ್ಲೆಂಡಿನಲ್ಲಿ 1970ರಲ್ಲಿಯೇ ಸತ್ತ ಕಾನೂನು ಇಲ್ಲಿ ಇನ್ನೂ ಪುಸ್ತಕದಲ್ಲಿದೆ. ಈಗ ಅದರ ಬಳಕೆ ಬೇರೆ ರೀತಿ. ಕೂಡಿ ಬಾಳಿ ಎಂಬ ಆಜ್ಞೆಯಾಗಿ ಒಂದು ವರ್ಷ ಕಳೆದರೂ ಕೂಡದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಎಷ್ಟೋ ವಕೀಲರು ಅದಕ್ಕಾಗಿಯೇ 9ನೇ ಕಲಮಿನ ಅರ್ಜಿ ಹಾಕಿಸುತ್ತಾರೆ. ಕಟ್ಟಿ ಎಳೆಯಲು ತಂದ ಹಗ್ಗವನ್ನು ಹಿಡಿದುಕೊಂಡು ಜನ ಗೋಡೆ ಇಳಿಯುತ್ತಿದ್ದಾರೆ.

ಈಗ ನಾವು ಎಣಿಸಬೇಕಾದದ್ದು

ಎಳೆಯ ಮದುವೆ ಮುಗಿದ ಅಧ್ಯಾಯ ಎಂದು ನಗರದಲ್ಲಿರುವ ನಮಗೆ ಅನಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇ. 23.3. ಕರ್ನಾಟಕದಲ್ಲಿ ಶೇ. 21.3, ಮಹಾರಾಷ್ಟ್ರದಲ್ಲಿ ಶೇ. 21.9. ಹೆಚ್ಚುಕಡಿಮೆ ಐವರಲ್ಲಿ ಒಬ್ಬಳು. ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹುಡುಗಿಯರಲ್ಲಿ, ನಮ್ಮ ಕಟ್ಟಡಗಳನ್ನು ಕಟ್ಟಲು ಉತ್ತರ ಕರ್ನಾಟಕದಿಂದ ವಲಸೆ ಬರುವ ಕುಟುಂಬಗಳಲ್ಲಿ ಆ ಒಬ್ಬಳು ಇದ್ದಾಳೆ.

ಅವಳಿಗಿರುವ ಹೊರಬಾಗಿಲು ಇಂದಿಗೂ ಜಾಗದ ಮೇಲೆ ನಿಂತಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಂಥ ಮದುವೆ ತಾನಾಗಿ ರದ್ದಾಗುವುದಿಲ್ಲ. ಹುಡುಗಿಯೇ ಕೋರ್ಟಿಗೆ ಹೋಗಿ, ವಯಸ್ಕಳಾದ ಎರಡು ವರ್ಷದೊಳಗೆ, ರದ್ದು ಮಾಡಿ ಎಂದು ಕೇಳಬೇಕು. ಆದರೆ ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಅಂಥ ಮದುವೆ ಹುಟ್ಟಿನಿಂದಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮೆಚ್ಚಿ ಉಳಿದ ರಾಜ್ಯಗಳೂ ಹೀಗೆ ಮಾಡಬೇಕು ಎಂದಿತು. ಮಿರಜದಲ್ಲಿ ಆದ ಮದುವೆಯನ್ನು ಕೇಳಿ ರದ್ದು ಮಾಡಿಸಿಕೊಳ್ಳಬೇಕು, ಅದೇ ಮದುವೆ ಗಡಿ ದಾಟಿ ಕಾಗವಾಡದಲ್ಲಿ ಆದರೆ ಅದು ಮದುವೆಯೇ ಅಲ್ಲ. ಬಡವರ ಮನೆಯ ಹುಡುಗಿ ಇಪ್ಪತ್ತರೊಳಗೆ ವಕೀಲರನ್ನು ಹುಡುಕಿ ಅರ್ಜಿ ಹಾಕುವುದು ಎಷ್ಟು ಸುಲಭ ಎಂದು ನೀವೇ ಯೋಚಿಸಿ.

ಇನ್ನು ಇಪ್ಪತ್ತೆಂಟಕ್ಕೆ ಮದುವೆಯಾಗಿ ಮೂವತ್ತಕ್ಕೆ ಕೋರ್ಟಿಗೆ ಹೋಗುವ ನಮ್ಮ ಹುಡುಗ ಹುಡುಗಿಯರ ವಿಷಯ. ನನ್ನ ತಂಡದಲ್ಲಿಯೇ ಬಾಂದ್ರಾದ ಕೌಟುಂಬಿಕ ನ್ಯಾಯಾಲಯದ ತಾರೀಖಿಗೆಂದು ರಜೆ ಕೇಳಿದವರಿದ್ದಾರೆ. ಅವರ ಮುಖ ನೋಡಿದವರು ಯಾರೂ ಅದನ್ನು ಹುಡುಗಾಟ ಎನ್ನಲಾರರು. ಮದುವೆಯಾದ ಒಂದು ವರ್ಷದವರೆಗೆ ಸಾಮಾನ್ಯವಾಗಿ ಅರ್ಜಿಯನ್ನೇ ಹಾಕುವಂತಿಲ್ಲ. ಇಬ್ಬರೂ ಒಪ್ಪಿದ್ದರೂ ಅರ್ಜಿಯ ಮೇಲೆ ಆರು ತಿಂಗಳು ಕಾಯಬೇಕು; ತಕ್ಕ ಕಾರಣವಿದ್ದರೆ ಅದನ್ನು ಬಿಡಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ್ದೇ 2017ರಲ್ಲಿ. ಒಬ್ಬರು ಒಪ್ಪದಿದ್ದರೆ ವರ್ಷಗಳ ಲೆಕ್ಕ. ಸಾಲದ ಫ್ಲ್ಯಾಟು, ಮದುವೆಯ ಚಿನ್ನ, ಮಗುವಿದ್ದರೆ ಶನಿವಾರ ಭಾನುವಾರದ ಪಾಳಿ. ಒಂದು ಜೀವನದ ಅಸ್ತಿವಾರವನ್ನು ಕಲ್ಲು ಕಲ್ಲಾಗಿ ಬಿಚ್ಚುವ ಕೆಲಸ ಅದು. ಇದನ್ನು ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಇನ್ನಷ್ಟು ತಾಳ್ಮೆ ಇದ್ದಿದ್ದರೆ ಉಳಿಯುತ್ತಿದ್ದ ಮದುವೆಗಳೂ ಅಲ್ಲಿ ಖಂಡಿತ ಇರುತ್ತವೆ.

ಆದರೆ ಹಳೆಯ ಕಾಲದೊಡನೆ ಹೋಲಿಸುವಾಗ ಲೆಕ್ಕ ಸರಿಯಾಗಿರಬೇಕು. ಅಂದು ಮುರಿದ ಮದುವೆಗಳು ಕಾಣುತ್ತಿರಲಿಲ್ಲ, ಏಕೆಂದರೆ ಮುರಿದದ್ದನ್ನು ಮುರಿದದ್ದು ಎಂದು ಬರೆಯುವ ಕಾಗದವೇ ಇರಲಿಲ್ಲ. ಗಂಡ ಬಿಟ್ಟವಳು ಎಂದು ತವರಿನ ಹಿತ್ತಿಲ ಕೋಣೆಯಲ್ಲಿ ಮುದುಕಿಯಾದ ಸೋದರತ್ತೆಯೊಬ್ಬಳು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇರಲಿಲ್ಲ? ಸವತಿಯ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದವರು, ಬಾವಿಗೆ ಹಾರಿದವರು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಮಾಡಿ ನಾವೇ ಬಾಗಿಲು ಹಾಕಿಕೊಂಡಿದ್ದೆವು. ಆ ಹೆಂಗಸರ ಮದುವೆಗಳೂ ಐವತ್ತು ವರ್ಷ ಬಾಳಿದ ಮದುವೆಗಳ ಲೆಕ್ಕದಲ್ಲಿ ಸೇರಿವೆ. ಅಜ್ಜ ಅಜ್ಜಿ ಸುಖವಾಗಿ ಬಾಳಿದ್ದು ಸುಳ್ಳಲ್ಲ, ಆದರೆ ಆ ಸುಖಕ್ಕೆ ಕಾರಣ ಎಳೆಯ ವಯಸ್ಸಾಗಲಿ ಮುಚ್ಚಿದ ಬಾಗಿಲಾಗಲಿ ಅಲ್ಲ. ಅವರು ಒಳ್ಳೆಯವರಾಗಿದ್ದರು, ಅದೃಷ್ಟವಂತರೂ ಆಗಿದ್ದರು.

ಅಂದಿನ ಎಳೆಯ ಮದುವೆಯ ಸಂಕಟಕ್ಕೂ ಇಂದಿನ ಎಳೆಯ ದಂಪತಿಗಳ ವಿಚ್ಛೇದನಕ್ಕೂ ಬೇರು ಒಂದೇ ಎಂದು ನನಗೆ ಅನಿಸುತ್ತದೆ. ಕೇಳಬೇಕಾದವರನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳದಿರುವುದು. ಹನ್ನೊಂದರ ರಖಮಾಬಾಯಿಯನ್ನು ಯಾರೂ ಕೇಳಲಿಲ್ಲ. ಇಪ್ಪತ್ತೆಂಟರ ಇಂಜಿನಿಯರ್ ಹುಡುಗಿಯನ್ನು ಕೇಳುತ್ತೇವೆ, ಆದರೆ ಹೇಗೆ? ಎರಡು ಸಲ ಕಾಫಿಗೆ ಕಳಿಸಿ, ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟ ಮೇಲೆ, "ನಿನಗೆ ಒಪ್ಪಿಗೆ ತಾನೇ?" ಎನ್ನುತ್ತೇವೆ. ಹುಡುಗನನ್ನಂತೂ ಅಷ್ಟೂ ಕೇಳುವುದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಮಾತನ್ನು ಈಗಲೂ ನಗುತ್ತ ಹೇಳುತ್ತೇವೆ. ಆ ಸುಳ್ಳುಗಳ ಬಾಕಿ ತೀರಿಸುವ ಜಾಗವೇ ಈಗ ಕೌಟುಂಬಿಕ ನ್ಯಾಯಾಲಯವಾಗಿದೆ. ಮದುವೆಗೆ ಮೊದಲು ಒಲ್ಲೆ ಎನ್ನುವುದು ಸುಲಭವಾದಷ್ಟೂ ಮದುವೆಯಾದ ಮೇಲೆ ಒಲ್ಲೆ ಎನ್ನುವವರು ಕಡಿಮೆಯಾಗುತ್ತಾರೆ. ನಿಶ್ಚಿತಾರ್ಥ ಮುರಿದರೆ ಮರ್ಯಾದೆ ಹೋಯಿತು ಎಂದು ನಾವು ಹೆದರುವುದನ್ನು ಬಿಟ್ಟರೆ ಎಷ್ಟೋ ಅರ್ಜಿಗಳು ಹುಟ್ಟುವುದೇ ಇಲ್ಲ.

ಇಷ್ಟಾದರೂ ಕೆಲವು ಮದುವೆಗಳು ಮುರಿಯುತ್ತವೆ. ಹಾಗೆ ಮುರಿದು ಬಂದ ಮಗಳು ಊರಿನ ಸಮಾರಂಭಕ್ಕೆ ಬಂದಾಗ ಅವಳ ತಾಳ್ಮೆಯ ವಿಚಾರಣೆ ನಡೆಸದೆ, ಎಲ್ಲರೊಡನೆ ಸಾಲಿನಲ್ಲಿ ಕೂರಿಸಿ ಊಟ ಬಡಿಸುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ.